ದೂರದ ಪರಿಚಯ, ಹತ್ತಿರದ ನೌಕರಿ

ಮಗನೋ ಮಗಳೋ ಡಿಗ್ರಿ ಮುಗಿಸಿದರೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಮೊದಲು ನೆನಪಾಗುವುದು ಬಳಗ. “ನಮ್ಮ ಕಾಕಾ ಬೆಂಗಳೂರಾಗ ಅದಾನ, ಅವಗ ಒಂದ್ ಮಾತ್ ಹೇಳಿ ನೋಡೂಣು” ಎಂಬ ಮಾತು ವಿದ್ಯಾನಗರದಲ್ಲೂ ಕೇಳುತ್ತದೆ, ಸಪ್ತಾಪುರದಲ್ಲೂ ಕೇಳುತ್ತದೆ. ಕಾಕಾನ ಮಾತಿನಿಂದ ನೌಕರಿ ಹಿಡಿದವರು ಇಲ್ಲವೆಂದಲ್ಲ. ಆದರೆ ಕಾಕಾನಿಗೆ ಗೊತ್ತಿರುವ ಮಂದಿ ಬಹುಮಟ್ಟಿಗೆ ಮನೆಯವರಿಗೂ ಗೊತ್ತಿರುವವರೇ. ಹೊಸ ಸುದ್ದಿ ಬರುವ ದಾರಿ ಬೇರೆ ಕಡೆ ಇದೆ.

ಇದನ್ನು ಮೊದಲು ಲೆಕ್ಕ ಹಾಕಿ ತೋರಿಸಿದವರು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್. ಪರಿಚಯದವರ ಮೂಲಕ ಕೆಲಸ ಪಡೆದವರನ್ನು ಅವರು ಕೇಳಿದ್ದು ಸರಳ ಪ್ರಶ್ನೆ: ಸುದ್ದಿ ಕೊಟ್ಟವರನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ? ಪದೇ ಪದೇ ಭೇಟಿಯಾಗುವವರಿಂದ ತಿಳಿಯಿತು ಎಂದವರು ನೂರಕ್ಕೆ ಹದಿನೇಳು ಮಂದಿಯಷ್ಟೆ. ಉಳಿದವರಿಗೆ ದಾರಿ ತೋರಿಸಿದ್ದು ಆಗೀಗ ಸಿಗುವವರು ಅಥವಾ ಅಪರೂಪಕ್ಕೆ ಸಿಗುವವರು. ಗ್ರಾನೊವೆಟರ್ ಇದನ್ನು ಲೇಖನವಾಗಿ ಪ್ರಕಟಿಸಿದ್ದು 1973ರಲ್ಲಿ.

ವೃತ್ತಿಯ ಪರಿಚಯಗಳಿಗೆಂದೇ ಇರುವ ಲಿಂಕ್ಡ್‌ಇನ್ ಜಾಲತಾಣ ಶುರುವಾಗಿದ್ದು ಅದಾದ ಮೂವತ್ತು ವರ್ಷಕ್ಕೆ, 2003ರ ಮೇ ತಿಂಗಳಲ್ಲಿ. 2016ರಲ್ಲಿ ಮೈಕ್ರೋಸಾಫ್ಟ್ ಅದನ್ನು 26.2 ಬಿಲಿಯನ್ ಡಾಲರ್ ಕೊಟ್ಟು ಕೊಂಡಿತು. ಇಂದು ಅದರ ಸದಸ್ಯರು ನೂರು ಕೋಟಿಗೂ ಹೆಚ್ಚು. ಅಮೆರಿಕ ಬಿಟ್ಟರೆ ಅತಿ ಹೆಚ್ಚು ಮಂದಿ ಇರುವುದು ಭಾರತದಲ್ಲೇ. ಗ್ರಾನೊವೆಟರ್ ಮಾತು ಈ ತಾಣದಲ್ಲೂ ನಿಜವೇ ಎಂದು ಸಂಶೋಧಕರ ತಂಡವೊಂದು ಎರಡು ಕೋಟಿ ಸದಸ್ಯರ ಐದು ವರ್ಷದ ಮಾಹಿತಿ ಇಟ್ಟುಕೊಂಡು ಪರೀಕ್ಷಿಸಿತು. ಫಲಿತಾಂಶ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಹೊಸ ಕೆಲಸಕ್ಕೆ ಹೆಚ್ಚು ಒದಗಿದವರು ಆಪ್ತರೂ ಅಲ್ಲ, ತೀರ ಅಪರಿಚಿತರೂ ಅಲ್ಲ. ಸುಮಾರು ಹತ್ತು ಮಂದಿ ಇಬ್ಬರಿಗೂ ಗೊತ್ತಿರುವಂಥ ದೂರದ ಪರಿಚಯದವರು.

ಆ ಅಧ್ಯಯನದ ಇನ್ನೊಂದು ಮಾತು ಅವಳಿ ನಗರಕ್ಕೆ ಹೆಚ್ಚು ಮುಖ್ಯ. ಕಂಪ್ಯೂಟರಿನ ಮೇಲೆ ನಡೆಯುವ ಉದ್ಯಮಗಳಲ್ಲಿ ದೂರದ ಪರಿಚಯ ಹೆಚ್ಚು ಫಲ ಕೊಡುತ್ತದೆ. ಡಿಜಿಟಲ್ ಬಳಕೆ ಕಡಿಮೆ ಇರುವ ಉದ್ಯಮಗಳಲ್ಲಿ ಹತ್ತಿರದ ನಂಟೇ ಮೇಲು. ಹಾಗಾಗಿ ಸಾಫ್ಟ್‌ವೇರ್ ಕೆಲಸ ಹುಡುಕುವವರು ಲಿಂಕ್ಡ್‌ಇನ್‌ಗೆ ದಿನದ ಒಂದು ಹೊತ್ತು ಕೊಡಲೇಬೇಕು. ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ವರ್ಕ್‌ಶಾಪಿನಲ್ಲಿ ಕೆಲಸ ಬೇಕಾದವರು ಮಾತ್ರ ಈಗಲೂ ಐಟಿಐ ಮೇಷ್ಟ್ರನ್ನೋ ಅಲ್ಲೇ ದುಡಿಯುವ ಗೆಳೆಯನನ್ನೋ ಮೊದಲು ಕೇಳುವುದು ಒಳ್ಳೆಯದು.

ದೂರದ ಪರಿಚಯದವರು ಎಲ್ಲಿ ಸಿಗುತ್ತಾರೆ? ಓದಿದ ಕಾಲೇಜಿನಲ್ಲಿ. ಈ ವಿಷಯದಲ್ಲಿ ಹುಬ್ಬಳ್ಳಿ-ಧಾರವಾಡ ಬಡ ಊರಲ್ಲ. ಕರ್ನಾಟಕ ಕಾಲೇಜು 1917ರದು. ಇಂದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿರುವ ಬಿವಿಬಿ 1947ರದು, ಎಸ್‌ಡಿಎಂ ಎಂಜಿನಿಯರಿಂಗ್ ಕಾಲೇಜು 1979ರದು. ಐಐಐಟಿ 2015ರಲ್ಲೂ ಐಐಟಿ 2016ರಲ್ಲೂ ಧಾರವಾಡಕ್ಕೆ ಬಂದವು. ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಪುಟ ತೆರೆದರೆ ಹಳೆಯ ವಿದ್ಯಾರ್ಥಿಗಳ ವಿಭಾಗ ಒಂದಿರುತ್ತದೆ. ಅವರು ಈಗ ಯಾವ ಊರಲ್ಲಿದ್ದಾರೆ, ಯಾವ ಕಂಪನಿಯಲ್ಲಿದ್ದಾರೆ, ಏನು ಓದಿದ್ದರು ಎಂದು ಸೋಸಿ ನೋಡಬಹುದು. ದುಡ್ಡು ಕೊಡಬೇಕಿಲ್ಲ. ಇಡೀ ತಾಣದಲ್ಲಿ ಹೊಸಬರಿಗೆ ಇದಕ್ಕಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ; ಆದರೂ ಬಹಳ ಮಂದಿ ಇದನ್ನು ಒಮ್ಮೆಯೂ ತೆರೆದು ನೋಡಿರುವುದಿಲ್ಲ.

ಹೆಸರು ಸಿಕ್ಕ ಮೇಲೆ ಏನು ಬರೆಯಬೇಕು ಎಂಬುದಕ್ಕೆ ಬಿವಿಬಿಯಲ್ಲೇ ಒಂದು ಮಾದರಿ ಇದೆ. ಅಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿ. ಟಾಟಾ ಸಮೂಹದ ಟೆಲ್ಕೊ ಕಂಪನಿಯ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕುವುದು ಬೇಡ ಎಂದಿತ್ತು. ಅವರು ನೇರ ಜೆಆರ್‌ಡಿ ಟಾಟಾ ಅವರಿಗೇ ಪೋಸ್ಟ್‌ಕಾರ್ಡ್ ಬರೆದರು. ಸಂದರ್ಶನಕ್ಕೆ ಕರೆ ಬಂತು, ಪುಣೆಯಲ್ಲಿ ಕೆಲಸವೂ ಸಿಕ್ಕಿತು. ಆ ಪೋಸ್ಟ್‌ಕಾರ್ಡಿನಲ್ಲಿ ಇದ್ದದ್ದು ಬೇಡಿಕೆಯಲ್ಲ, ಒಂದು ಖಚಿತ ವಿಷಯ. ಅದು ಹೋದದ್ದೂ ತೀರ್ಮಾನ ಮಾಡಬಲ್ಲ ಒಬ್ಬರೇ ವ್ಯಕ್ತಿಗೆ.

ಲಿಂಕ್ಡ್‌ಇನ್‌ನ ಸಂಪರ್ಕ ಕೋರಿಕೆಯ ಜೊತೆ ಹೋಗುವ ಟಿಪ್ಪಣಿಯಲ್ಲೂ ಪೋಸ್ಟ್‌ಕಾರ್ಡಿನಷ್ಟೇ ಜಾಗ. ಉಚಿತ ಖಾತೆಯವರಿಗೆ ತಿಂಗಳಿಗೆ ಇಂಥ ಕೆಲವೇ ಟಿಪ್ಪಣಿ ಕಳಿಸಲು ಅವಕಾಶ. ಅದನ್ನು “ಸರ್, ಯಾವುದಾದರೂ ಕೆಲಸ ಇದ್ದರೆ ತಿಳಿಸಿ” ಎಂದು ಬರೆದು ಕಳೆದುಕೊಳ್ಳಬಾರದು. “ಸರ್, ನಾನು ಬಿವಿಬಿಯ ಇ ಅಂಡ್ ಸಿ ವಿಭಾಗದವಳು. ನಿಮ್ಮ ತಂಡ ಮಾಡುತ್ತಿರುವ ಬ್ಯಾಟರಿ ಟೆಸ್ಟಿಂಗ್‌ನಲ್ಲೇ ನನ್ನ ಪ್ರಾಜೆಕ್ಟ್ ಇತ್ತು. ಈ ಕೆಲಸಕ್ಕೆ ಹೊಸಬರು ಏನು ಕಲಿತಿರಬೇಕು ಎಂದು ತಿಳಿಸುವಿರಾ?” ಎಂದರೆ ಓದಿದವರಿಗೆ ಉತ್ತರಿಸಲು ಏನಾದರೂ ಇರುತ್ತದೆ. ಉತ್ತರ ಬಂದ ಮೇಲೆ ಒಂದು ಧನ್ಯವಾದ ಹೇಳಿ, ಅವರು ಸೂಚಿಸಿದ್ದನ್ನು ಕಲಿತು, ಕಲಿತೆ ಎಂದು ಮತ್ತೆ ಬರೆಯಬೇಕು. ಪರಿಚಯ ಗಟ್ಟಿಯಾಗುವುದು ಆ ಎರಡನೆಯ ಪತ್ರದಲ್ಲಿ.

ಕೋರಿಕೆ ಹೋದ ಕೂಡಲೇ ಆ ಕಡೆಯವರು ನೋಡುವುದು ಪ್ರೊಫೈಲನ್ನು. ಹೆಸರಿನ ಕೆಳಗಿನ ಸಾಲಿಗೆ 220 ಅಕ್ಷರಗಳ ಜಾಗ ಇದೆ. ಅಲ್ಲಿ ‘ಕೆಲಸ ಹುಡುಕುತ್ತಿರುವ ಪರಿಶ್ರಮಿ’ ಎಂದು ಬರೆದರೆ ಯಾರ ಹುಡುಕಾಟಕ್ಕೂ ಸಿಗುವುದಿಲ್ಲ, ಏಕೆಂದರೆ ನೇಮಕಾತಿ ಮಾಡುವವರು ಹುಡುಕುವುದು ಕೌಶಲದ ಹೆಸರನ್ನು, ಹುದ್ದೆಯ ಹೆಸರನ್ನು, ಊರನ್ನು. ಅಕೌಂಟ್ಸ್ ಓದಿದವರು ಟ್ಯಾಲಿ, ಜಿಎಸ್‌ಟಿ ರಿಟರ್ನ್ ಎಂದೇ ಬರೆಯಬೇಕು. ಮೆಕ್ಯಾನಿಕಲ್‌ನವರು ಬಳಸಬಲ್ಲ ಸಾಫ್ಟ್‌ವೇರಿನ ಹೆಸರು ಹಾಕಬೇಕು. ಈಗಾಗಲೇ ನೌಕರಿಯಲ್ಲಿದ್ದು ಬೇರೆ ಕಡೆ ನೋಡುತ್ತಿರುವವರು ‘ಕೆಲಸಕ್ಕೆ ಸಿದ್ಧ’ ಎಂಬ ಗುರುತನ್ನು ನೇಮಕಾತಿಯವರಿಗೆ ಮಾತ್ರ ಕಾಣುವಂತೆ ಇಡಬಹುದು. ಆದರೆ ತಮ್ಮ ಕಂಪನಿಗೆ ಅದು ಗೊತ್ತಾಗುವುದೇ ಇಲ್ಲ ಎಂಬ ಖಾತರಿಯನ್ನು ತಾಣವೂ ಕೊಡುವುದಿಲ್ಲ.

ಇನ್ನು ಗಿರಾಕಿ ಬೇಕಾದವರ ಮಾತು. ಹುಬ್ಬಳ್ಳಿ ಕೈಗಾರಿಕಾ ವಾಲ್ವ್‌ಗಳಿಗೆ ಹೆಸರಾದ ಊರು. ಗೋಕುಲ ರಸ್ತೆ, ತಾರಿಹಾಳದ ಸಣ್ಣ ಘಟಕಗಳ ಗಿರಾಕಿ ದಾರಿಹೋಕರಲ್ಲ. ಯಾವುದೋ ರಾಜ್ಯದ ಸಕ್ಕರೆ ಕಾರ್ಖಾನೆಯ ಖರೀದಿ ಅಧಿಕಾರಿ, ಯಾವುದೋ ರಾಸಾಯನಿಕ ಘಟಕದ ನಿರ್ವಹಣಾ ಎಂಜಿನಿಯರ್. ಇಂಡಿಯಾಮಾರ್ಟ್‌ನಂಥ ತಾಣದಲ್ಲಿ ವಿಚಾರಣೆ ಬರುತ್ತದೆ ನಿಜ, ಆದರೆ ಅದೇ ವಿಚಾರಣೆ ಬೇರೆ ಮಾರಾಟಗಾರರಿಗೂ ಹೋಗಿರುತ್ತದೆ. ಮಾತು ದರದಿಂದಲೇ ಶುರುವಾಗುತ್ತದೆ. ಲಿಂಕ್ಡ್‌ಇನ್‌ನಲ್ಲಿ ಮಾತು ಕೆಲಸದಿಂದ ಶುರುವಾಗಬಹುದು. ಹಬ್ಬದ ಶುಭಾಶಯದ ಚಿತ್ರ ಹಾಕುವ ಬದಲು, ವಾಲ್ವಿಗೆ ನೀರಿನ ಒತ್ತಡದ ಪರೀಕ್ಷೆ ನಡೆಯುತ್ತಿರುವ ಫೋಟೊ ಹಾಕಿ, ಅಳತೆ ಎಷ್ಟು, ಲೋಹ ಯಾವುದು, ಎಷ್ಟು ಒತ್ತಡ ತಡೆಯಿತು, ಎಷ್ಟು ದಿನದಲ್ಲಿ ತಯಾರಾಯಿತು ಎಂದು ನಾಲ್ಕು ಸಾಲು ಬರೆಯಲಿ. ಎಂಜಿನಿಯರನ್ನು ಹಿಡಿದು ನಿಲ್ಲಿಸುವುದು ಅಂಥ ವಿವರ. ಗಿರಾಕಿಯ ಡ್ರಾಯಿಂಗನ್ನು ಮಾತ್ರ ಅವರ ಒಪ್ಪಿಗೆ ಇಲ್ಲದೆ ಹಾಕಬಾರದು. ಒಂದು ಫೋಟೊದಿಂದ ವರ್ಷಗಳ ನಂಬಿಕೆ ಹೋಗುತ್ತದೆ.

ಮೋಸಗಾರರೂ ಇದೇ ತಾಣಗಳಲ್ಲಿ ಇದ್ದಾರೆ. ಕೆಲಸ ಕೊಡಲು ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಬೇಕು. ಒಳ್ಳೆಯ ಸಂಬಳದ ಆಸೆ ತೋರಿಸಿ ಭಾರತದ ಯುವಕರನ್ನು ಕಾಂಬೋಡಿಯಾ, ಮ್ಯಾನ್ಮಾರ್‌ಗಳಿಗೆ ಕರೆದೊಯ್ದು ಸೈಬರ್ ವಂಚನೆಯ ಕೆಲಸಕ್ಕೆ ಕೂಡಿಹಾಕಿದ್ದು, ಸರ್ಕಾರ ಅವರನ್ನು ಬಿಡಿಸಿ ತಂದದ್ದು ಈಚಿನ ವರ್ಷಗಳ ಸುದ್ದಿ. ವಿದೇಶದ ಕೆಲಸವೆಂದರೆ ಏಜೆಂಟನ ನೋಂದಣಿಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಡಿಯೇ ಮುಂದುವರಿಯಬೇಕು. ದುಡ್ಡು ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಪ್ರೊಫೈಲಿನ ಮೇಲಿನ ದೃಢೀಕರಣದ ಗುರುತು ವ್ಯಕ್ತಿ ಯಾರೆಂದು ಹೇಳೀತು. ಅವರು ತೋರಿಸುವ ಕೆಲಸ ನಿಜವೆಂದು ಹೇಳುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಎಷ್ಟೋ ಟಿಪ್ಪಣಿಗಳಿಗೆ ಉತ್ತರ ಬರುವುದಿಲ್ಲ. ತಪ್ಪು ಯಾವಾಗಲೂ ಬರೆದವರದೇ ಅಲ್ಲ. ಅವಳಿ ನಗರದಲ್ಲಿ ಓದಿ ಇಂದು ಬೆಂಗಳೂರು, ಪುಣೆ, ಸಿಂಗಪುರ, ಬಾಸ್ಟನ್‌ಗಳಲ್ಲಿ ನೆಲೆಯಾದವರು ಬಹಳ ಮಂದಿ ಇದ್ದಾರೆ. ಈ ಲೇಖನ ಅವರ ಕಣ್ಣಿಗೂ ಬಿದ್ದರೆ ಒಂದು ವಿನಂತಿ: ನಿಮ್ಮ ಕಾಲೇಜಿನ ಹುಡುಗ ಅಥವಾ ಹುಡುಗಿ ಕಳಿಸಿದ ಕೋರಿಕೆ ಇನ್‌ಬಾಕ್ಸಿನಲ್ಲಿ ಕಾದಿದ್ದರೆ, ಕೆಲಸ ಕೊಡಿಸಲಾಗದಿದ್ದರೂ ಸರಿ, ಈ ವಾರ ಎರಡು ಸಾಲು ಉತ್ತರ ಬರೆಯಿರಿ.