ಹಿಡಿದು ಬಿಡುವವರ ಹೊಳೆ

ಕೊಡಗಿನ ದುಬಾರೆಗೆ ಆನೆ ನೋಡಲು ಹೋಗುವವರು ಸಾಮಾನ್ಯವಾಗಿ ವಾಲ್ನೂರಿನಲ್ಲಿ ನಿಲ್ಲುವುದಿಲ್ಲ. ಅಲ್ಲಿ ಕಾವೇರಿ ಕಾಫಿ ತೋಟಗಳ ನಡುವೆ ಬಂಡೆಗಳನ್ನು ಬಳಸಿಕೊಂಡು ಹರಿಯುತ್ತಾಳೆ. ಈ ಹರಿವಿನಲ್ಲಿ ಗಾಳ ಹಾಕಬೇಕಾದರೆ ಪರವಾನಗಿ ಬೇಕು, ಸಿಕ್ಕ ಬಿಳಿಮೀನನ್ನು (ಮಹಶೀರ್) ಮನೆಗೆ ಒಯ್ಯುವಂತಿಲ್ಲ. ಮಡಿಕೇರಿಯ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ವರ್ಷಗಳಿಂದ ನಡೆಸಿಕೊಂಡು ಬಂದಿರುವ ಏರ್ಪಾಡು ಇದು. ಸೊಸೈಟಿ ಇಲ್ಲಿ ಗಾಳದ ಸ್ಪರ್ಧೆಗಳನ್ನೂ ನಡೆಸಿದೆ. ಗೆದ್ದವರ ಕೈಗೆ ಬಹುಮಾನ ಬರುತ್ತದೆ, ಮೀನು ಹೊಳೆಗೆ ಹೋಗುತ್ತದೆ.

ಹೀಗೆ ಬಿಡುವುದಾದರೆ ಹಿಡಿಯುವುದೇಕೆ ಎಂದು ಕೇಳಿದರೆ ತಪ್ಪಿಲ್ಲ. ಮೋಜಿಗಾಗಿ ಮೀನಿನ ಬಾಯಿಗೆ ಕೊಕ್ಕೆ ಹಾಕುವುದು ನನಗೂ ಪೂರ್ತಿ ಒಪ್ಪುವ ಮಾತಲ್ಲ. ಆದರೆ ಮೀನುಗಳ್ಳರು ನೀರಿನಲ್ಲಿ ತೋಟೆ (ಸಿಡಿಮದ್ದು) ಸಿಡಿಸಿದಾಗ ಒಂದು ಮಡುವಿನ ತಾಯಿಮೀನು, ಮರಿ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತವೆ. ಹೊಳೆದಂಡೆಯಲ್ಲಿ ಗಾಳ ಹಿಡಿದು ಕೂತವರಿದ್ದರೆ ತೋಟೆ ತರುವವನು ಅತ್ತ ಸುಳಿಯಲು ಹೆದರುತ್ತಾನೆ. ಈ ಹವ್ಯಾಸದ ಪರವಾಗಿ ಇದಕ್ಕಿಂತ ಗಟ್ಟಿ ವಾದ ನನಗೆ ಕಂಡಿಲ್ಲ.

ಕಾವೇರಿಯ ಹಳೆಯ ಗಾಳಗಾರರು ಬೇಯಿಸಿದ ರಾಗಿ ಹಿಟ್ಟಿನ ಉಂಡೆಯನ್ನೇ ಎರೆ ಮಾಡಿ ದೊಡ್ಡ ಮೀನುಗಳನ್ನು ಹಿಡಿದವರು. ಫ್ಲೈ ಫಿಶಿಂಗ್ ಇದಕ್ಕಿಂತ ಕಷ್ಟದ್ದು. ಪುಕ್ಕ, ಕೂದಲು, ದಾರ ಸುತ್ತಿ ಕಟ್ಟಿದ ಹುಳುವಿಗೆ ಹೆಚ್ಚುಕಡಿಮೆ ತೂಕವೇ ಇರುವುದಿಲ್ಲ. ಅದನ್ನು ದೂರಕ್ಕೆ ಒಯ್ಯುವುದು ದಾರದ ಭಾರ. ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದು ಮುಂದಕ್ಕೆ ಬೀಸಬೇಕು. ವಾಲ್ನೂರಿನಂಥ ಕಡೆ ಬೆನ್ನ ಹಿಂದೆ ಮರವೇ ಇರುತ್ತದೆ, ಹುಳು ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಮೀನು ಕಚ್ಚಿದರಂತೂ ಮೊದಲ ಓಟದಲ್ಲೇ ಬಂಡೆಸಂದಿಗೆ ನುಗ್ಗಿ ದಾರ ಕಡಿಯಲು ನೋಡುತ್ತದೆ. ದಡಕ್ಕೆ ತಂದ ಮೇಲೆ ಅದನ್ನು ನೀರಿನಿಂದ ಮೇಲೆತ್ತದೆ, ಒದ್ದೆ ಕೈಯಲ್ಲೇ ಹಿಡಿದು ಅಳೆಯಬೇಕು. ಮುಳ್ಳಿಲ್ಲದ ಕೊಕ್ಕೆಯಾದರೆ ಬಿಡಿಸುವುದು ಸುಲಭ.

ದಕ್ಷಿಣದ ಹೊಳೆಗಳ ಕೀರ್ತಿ ದೊಡ್ಡದು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಹಿಡಿದ 120 ಪೌಂಡಿನ ಮೀನಿನ ಮಾತು ಗಾಳಗಾರರ ಬಾಯಲ್ಲಿ ಇನ್ನೂ ಉಳಿದಿದೆ. ಅಂಥ ಗಾತ್ರಕ್ಕೆ ಬೆಳೆಯುವುದು ಬೆನ್ನು ಗೂನಾದ, ಕಿತ್ತಳೆ ರೆಕ್ಕೆಯ ಕಾವೇರಿ ಕೊಳ್ಳದ ಬಿಳಿಮೀನು. ಇಂದು ಗಾಳಕ್ಕೆ ಹೆಚ್ಚಾಗಿ ಸಿಗುವುದು ಅದಲ್ಲ, ನೀಲಿ ರೆಕ್ಕೆಯದು. 1970ರ ದಶಕದಿಂದ ಲೋನಾವಳದ ಟಾಟಾ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ಹೊಳೆಗಳಿಗೆ ಬಿಟ್ಟರು. ಹೊರಗಿನದು ಹೆಚ್ಚಿತು, ಊರಿನದು ಕ್ಷೀಣಿಸಿತು.

ಇದು ಬಯಲಾದದ್ದು ಗಾಳಗಾರರ ಲೆಕ್ಕಪುಸ್ತಕದಿಂದಲೇ. ಕಾವೇರಿಯ ಕೆಳಹರಿವಿನ ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಆರು ಸಾವಿರಕ್ಕೂ ಹೆಚ್ಚು ಮೀನುಗಳ ದಾಖಲೆ ಇತ್ತು. ಸಂಶೋಧಕರು ಅದನ್ನು ಬಿಡಿಸಿ ನೋಡಿದಾಗ ಒಟ್ಟು ಮೀನು ಹೆಚ್ಚಿದ್ದರೂ ಗೂನುಬೆನ್ನಿನದು ಕುಸಿಯುತ್ತಾ ಬಂದದ್ದು ಕಂಡಿತು. 2018ರಲ್ಲಿ ಅದಕ್ಕೆ ಟಾರ್ ರೇಮದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು, ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೂ ಸೇರಿತು.

ಹಾಗಾಗಿ ಕೊಡಗಿನಲ್ಲಿ ಇನ್ನೊಂದು ಸ್ಪರ್ಧೆ ಏರ್ಪಡಿಸುವವರಿಗೆ ನನ್ನದೊಂದು ಸಲಹೆ ಇದೆ. ಅಂಕಪಟ್ಟಿಯಲ್ಲಿ ಉದ್ದದ ಪಕ್ಕಕ್ಕೆ ರೆಕ್ಕೆಯ ಬಣ್ಣಕ್ಕೂ ಒಂದು ಕಲಂ ಇರಲಿ, ಪ್ರತಿ ಮೀನಿನದೂ ಒಂದು ಚಿತ್ರ ಇರಲಿ, ಮೀನು ಸಿಗದೆ ಬರಿಗೈಲಿ ಕಳೆದ ಗಂಟೆಗಳನ್ನೂ ಬರೆದಿಡಲಿ. ಸ್ಪರ್ಧೆ ಮುಗಿದ ಮೇಲೆ ಆ ಹಾಳೆಗಳು ಬಹುಮಾನದ ಕಪ್ಪಿನ ಜೊತೆ ಯಾರದೋ ಮನೆ ಸೇರುವ ಬದಲು ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಲಿ.