ದೇವರಾಜ ಮಾರುಕಟ್ಟೆ: ಸೂರು ಸಿಕ್ಕ ಸಂತೆಯ ಕಥೆ

ಆಯುಧಪೂಜೆಯ ಹಿಂದಿನ ದಿನ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬೂದುಗುಂಬಳ, ಬಾಳೆಕಂದು, ಚೆಂಡು ಹೂವು ದೇವರಾಜ ಮಾರುಕಟ್ಟೆಯ ಬಾಗಿಲು ದಾಟಿ ಬೀದಿಗೇ ಬಂದಿರುತ್ತವೆ.

ಇದು ಮೊದಲು ಪೂರ್ಣಯ್ಯ ನಾಲೆಯ ಬದಿಯ ವಾರದ ಸಂತೆ. ಅದಕ್ಕೆ ಸೂರು ಸಿಕ್ಕಿದ್ದು ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1886ರಲ್ಲಿ. ವೈಸರಾಯ್ ಡಫರಿನ್ ಭೇಟಿಯ ನೆನಪಿಗೆ ಮಾರುಕಟ್ಟೆಯ ಬಳಿ ಕಟ್ಟಿದ ‘ಚಿಕ್ಕ ಗಡಿಯಾರ’ ಗೋಪುರವೂ ಅದೇ ಕಾಲದ್ದು. ನಾಲ್ವಡಿ ಕೃಷ್ಣರಾಜ ಒಡೆಯರು 1925ರ ಹೊತ್ತಿಗೆ ಮಾರುಕಟ್ಟೆಯನ್ನು ಹಿಗ್ಗಿಸಿದರು. ಹೆಸರು ಮಾತ್ರ ಹದಿನೇಳನೆಯ ಶತಮಾನದ ದೊಡ್ಡ ದೇವರಾಜ ಒಡೆಯರದು.

ಕಟ್ಟಿದವರ ಜಾಣತನ ಒಳಹೊಕ್ಕರೆ ತಿಳಿಯುತ್ತದೆ. ರಸ್ತೆಗೆ ಮುಖಮಾಡಿದ ಅಂಗಡಿಗಳ ಸಾಲೇ ಕೋಟೆಗೋಡೆಯಂತೆ ಸುತ್ತುವರಿದಿದೆ. ಒಳಗೆ ನೀಳವಾದ ಓಣಿಗಳು, ಎಂಟುನೂರಕ್ಕೂ ಹೆಚ್ಚು ಮಳಿಗೆಗಳು. ಹೂವಿನ ಸಾಲಿನಲ್ಲಿ ಮೈಸೂರು ಮಲ್ಲಿಗೆಯನ್ನು ಮಾರಿನ ಲೆಕ್ಕದಲ್ಲಿ ಅಳೆಯುತ್ತಾರೆ. ಮೈಸೂರು ವೀಳ್ಯದೆಲೆ ಕಟ್ಟುಗಳಲ್ಲಿ ಕೂತಿರುತ್ತದೆ. ಸಿಕ್ಕರೆ ಅದೃಷ್ಟ, ನಂಜನಗೂಡಿನ ರಸಬಾಳೆ. ಭೌಗೋಳಿಕ ಸೂಚಕ ಪಡೆದ ಈ ಮೂರೂ ಒಂದೇ ಸೂರಿನಡಿ! ಗೋಪುರದಂತೆ ಪೇರಿಸಿದ ಬಣ್ಣದ ಕುಂಕುಮದ ಮುಂದೆ ಪ್ರವಾಸಿಗರ ಕ್ಯಾಮೆರಾಗಳೇ ಹೆಚ್ಚು. ಊರಿನವರು ಅತ್ತ ನೋಡದೆ ಸೊಪ್ಪಿನವರ ಬಳಿ ಚೌಕಾಸಿಗೆ ನಿಲ್ಲುತ್ತಾರೆ.

2016ರ ಆಗಸ್ಟ್ 28ರಂದು, ದುರಸ್ತಿ ನಡೆಯುತ್ತಿದ್ದಾಗಲೇ, ಧನ್ವಂತರಿ ರಸ್ತೆಯ ಕಡೆಯ ಉತ್ತರ ಬಾಗಿಲಿನ ಭಾಗ ಕುಸಿಯಿತು. ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತ ನೆನಪು ಊರಿಗೆ ಇನ್ನೂ ಹಸಿಯಾಗಿತ್ತು. ಅಂದಿನಿಂದ ಒಂದೇ ವಾದ: ಕೆಡವಿ ಅದೇ ಚಹರೆಯಲ್ಲಿ ಹೊಸದು ಕಟ್ಟುವುದೋ, ಇರುವುದನ್ನೇ ಉಳಿಸುವುದೋ? ತಜ್ಞರ ವರದಿಗಳು ಎರಡು ದಿಕ್ಕಿಗೆ ಎಳೆದವು, ಜಗಳ ಹೈಕೋರ್ಟಿನ ಮೆಟ್ಟಿಲೇರಿತು.

ಕೆಡವಬೇಕೆನ್ನುವವರ ಭಯ ಸುಳ್ಳಲ್ಲ. ತಲೆಯ ಮೇಲೆ ಬೀಳುವ ಸೂರಿಗೆ ಪರಂಪರೆಯ ರಿಯಾಯಿತಿ ಸಲ್ಲದು. ಆದರೆ ಸುಣ್ಣದ ಗಾರೆಯ ಕಟ್ಟಡ ತಾನಾಗಿ ಸಾಯುವುದಿಲ್ಲ. ತಾರಸಿಯಲ್ಲಿ ನೀರು ನಿಂತು, ಬಿರುಕಿನಲ್ಲಿ ಆಲದ ಸಸಿ ಬೇರೂರಿ, ಮೇಲೆ ಸಿಮೆಂಟು ಬಳಿದು ಗಾರೆಯ ಉಸಿರು ಕಟ್ಟಿದರೆ ಸಾಯುತ್ತದೆ. ಕಾಂಕ್ರೀಟಿನಲ್ಲಿ ಕಮಾನು ಎಬ್ಬಿಸಿ ಬಣ್ಣ ಹೊಡೆದರೆ ಅದು ದೇವರಾಜ ಮಾರುಕಟ್ಟೆಯ ಚಿತ್ರವಾದೀತು, ಅಷ್ಟೆ. ಗಾರೆ ಕೆಲಸ ಬಲ್ಲವರನ್ನು ಕರೆಸಿ, ವ್ಯಾಪಾರಿಗಳನ್ನು ಒಕ್ಕಲೆಬ್ಬಿಸದೆ, ಭಾಗ ಭಾಗವಾಗಿ ದುರಸ್ತಿ ಮಾಡಿಸುವುದೇ ಸರಿ.