ಕಾಲು ಮಿಲಿಮೀಟರಿನ ಕೌಶಲ

ವೀಣೆಯಲ್ಲಿ ನಾದವನ್ನು ತುಂಬಿಕೊಡುವುದು ಹಲಸಿನ ಮರವನ್ನು ಕೊರೆದು ಮಾಡಿದ ಕೊಡವಾದರೆ, ಎಲೆಕ್ಟ್ರಿಕ್ ಗಿಟಾರಿನಲ್ಲಿ ಆ ಹೊಣೆ ಹೊರುವುದು ಪಿಕಪ್ ಎಂಬ ಬೆರಳುದ್ದದ ಸಾಧನ. ಅದರಲ್ಲಿರುವುದು ಅಯಸ್ಕಾಂತದ ಕೆಲವು ಕಡ್ಡಿಗಳು ಮತ್ತು ಅವುಗಳಿಗೆ ಸಾವಿರಾರು ಸುತ್ತು ಸುತ್ತಿದ ತಾಮ್ರದ ಎಳೆ. ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ಕಂಪಿಸಿದಾಗ ಕಾಂತಕ್ಷೇತ್ರ ಏರಿಳಿದು ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ಈ ತತ್ತ್ವವೇ ನೂರು ವರ್ಷಗಳ ತರುವಾಯ, 1931ರ ಹೊತ್ತಿಗೆ, ಅಮೆರಿಕದ ಜಾರ್ಜ್ ಬೋಶಾಂಪ್ ರೂಪಿಸಿದ ಮೊದಲ ಎಲೆಕ್ಟ್ರಿಕ್ ಗಿಟಾರಿಗೆ ಆಧಾರವಾಯಿತು. ನಾದಕ್ಕೆ ಟೊಳ್ಳು ಪೆಟ್ಟಿಗೆಯ ಹಂಗಿಲ್ಲವೆಂದ ಮೇಲೆ ಗಟ್ಟಿ ಹಲಗೆಯೇ ಸಾಕೆಂದು 1940ರ ಆಸುಪಾಸಿನಲ್ಲಿ ಗಿಟಾರು ವಾದಕ ಲೆಸ್ ಪಾಲ್ ಪೈನ್ ಮರದ ದಿಮ್ಮಿಗೆ ತಂತಿ ಕಟ್ಟಿ ತೋರಿಸಿದರು; 1950ರಲ್ಲಿ ಗಿಟಾರು ತಯಾರಕ ಲಿಯೋ ಫೆಂಡರ್ ಒಡಲಿಗೆ ದಂಡಿಯನ್ನು ಅಂಟಿನ ಬದಲು ನಾಲ್ಕು ಸ್ಕ್ರೂಗಳಿಂದ ಬಿಗಿದು, ಬಡಗಿಯ ಸಾಮಾನ್ಯ ಹತಾರಗಳಿದ್ದರೂ ಗಿಟಾರು ಮಾಡಬಹುದೆಂಬ ದಾರಿ ತೆರೆದರು. ಮನೆಯಲ್ಲೇ ಗಿಟಾರು ಕಟ್ಟುವ ಹವ್ಯಾಸ ನಿಂತಿರುವುದು ಈ ಸರಳತೆಯ ಮೇಲೆ.

ಈ ಸರಳತೆ ಅರ್ಧ ಸತ್ಯ ಮಾತ್ರ. ಹೊಸದಾಗಿ ಕೈಹಾಕುವವರು ತಮ್ಮ ಚಿಂತೆಯನ್ನೆಲ್ಲ ಒಡಲಿನ ಆಕಾರ, ಮರದ ಜಾತಿ, ಬಣ್ಣದ ಹೊಳಪುಗಳಿಗೆ ವ್ಯಯಿಸುವುದು ವಾಡಿಕೆಯಾದರೂ, ವಾದ್ಯ ಶ್ರುತಿಯಲ್ಲಿ ನಿಲ್ಲುವುದೂ ಬೆರಳಿಗೆ ಒಗ್ಗುವುದೂ ದಂಡಿಯ ಬಾಗು, ತಂತಿಯ ಎತ್ತರ, ತಂತಿಗಳನ್ನು ಹೊರುವ ಕುದುರೆಯ (ಬ್ರಿಜ್) ಸ್ಥಾನ ಎಂಬ ಮೂರು ಅಳತೆಗಳಿಂದ. ಇವನ್ನು ಹೊಂದಿಸುವ ಕೆಲಸಕ್ಕೆ ಸೆಟಪ್ ಎಂಬ ಹೆಸರಿದ್ದು, ಅದರ ಲೆಕ್ಕ ನಡೆಯುವುದು ಕಾಲು ಮಿಲಿಮೀಟರಿನ ಆಚೀಚೆ. ಮೇ ತಿಂಗಳಲ್ಲಿ ಒಣಗಿ ಬಿರಿಯುವ, ಆಗಸ್ಟಿನಲ್ಲಿ ಗೋಡೆಯೂ ಬೆವರುವ ದೆಹಲಿ, ನೋಯ್ಡಾ, ಗುರುಗ್ರಾಮಗಳಲ್ಲಿ ಆ ಲೆಕ್ಕವನ್ನು ಒಮ್ಮೆ ಮಾಡಿ ಮುಗಿಸಿದೆನೆನ್ನುವಂತಿಲ್ಲ.

ರಾಜಧಾನಿಗೆ ವಾದ್ಯ ತಯಾರಿಕೆಯ ಪರಂಪರೆ ಹೊಸದೇನಲ್ಲ. 1920ರಲ್ಲಿ ಲಾಹೋರಿನಲ್ಲಿ ಆರಂಭವಾಗಿ ದೇಶ ವಿಭಜನೆಯ ನಂತರ ದೆಹಲಿಯ ಕನಾಟ್ ಪ್ಲೇಸಿನಲ್ಲಿ ನೆಲೆಸಿದ ರಿಖಿರಾಮ್ ಅಂಗಡಿ ಪಂಡಿತ್ ರವಿಶಂಕರರ ಸಿತಾರುಗಳಿಂದ ಹೆಸರಾಯಿತು. 1966ರ ಜುಲೈನಲ್ಲಿ ದೆಹಲಿಯಲ್ಲಿ ತಂಗಿದ್ದ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಸಿತಾರು ಕೊಂಡದ್ದೂ ಅಲ್ಲಿಯೇ. ಗಿಟಾರು ಕಟ್ಟುವವರಿಗೆ ಬೇಕಾದ ಸಾಮಗ್ರಿ ಮಾತ್ರ ಒಂದೇ ಸೂರಿನಡಿ ದೊರೆಯುವಂಥದಲ್ಲ: ಮರಕ್ಕೆ ಕೀರ್ತಿನಗರದ ಟಿಂಬರ್ ಮಾರ್ಕೆಟ್, ತಂತಿ ಮತ್ತು ಬಿರಡೆಗಳಿಗೆ ದರಿಯಾಗಂಜಿನ ವಾದ್ಯದಂಗಡಿಗಳು, ಸ್ವಿಚ್ಚು, ಕೆಪಾಸಿಟರ್, ಧ್ವನಿಮಟ್ಟ ತಿರುಗಿಸುವ ಪೊಟೆನ್ಶಿಯೋಮೀಟರುಗಳಿಗೆ ಕೆಂಪುಕೋಟೆಯ ಎದುರಿನ ಲಜಪತ್ ರಾಯ್ ಮಾರುಕಟ್ಟೆ, ಹೀಗೆ ಊರು ಸುತ್ತಬೇಕು. ಇನ್ನೊಂದು ಮುಖ್ಯ ಹತಾರ, ಬೇರೆ ಬೇರೆ ದಪ್ಪದ ಉಕ್ಕಿನ ತೆಳುಪಟ್ಟಿಗಳ ಫೀಲರ್ ಗೇಜ್, ವಾದ್ಯದಂಗಡಿಗಿಂತ ಸಲೀಸಾಗಿ ಕಾಶ್ಮೀರಿ ಗೇಟಿನ ವಾಹನಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ, ಏಕೆಂದರೆ ಬೈಕ್ ಮೆಕ್ಯಾನಿಕ್ ಎಂಜಿನ್ನಿನ ಟ್ಯಾಪೆಟ್ ಸಂದು ಅಳೆಯುವುದೂ ಅದರಿಂದಲೇ.

ಮರದ ವಿಷಯದಲ್ಲಿ ಜಾತಿಗಿಂತ ಒಣಗಿದ ಮಟ್ಟ ಮುಖ್ಯ. ಪೀಠೋಪಕರಣಕ್ಕೆಂದು ಮಾರುವ ಹಲಗೆಯಲ್ಲಿ ಹಸಿ ಉಳಿದಿರುವ ಸಂಭವ ಹೆಚ್ಚಾದ್ದರಿಂದ ತೇವಮಾಪಕದಲ್ಲಿ ಶೇ 8ರಿಂದ 10ರಷ್ಟು ತೋರಿಸುವವರೆಗೆ ಕಾಯುವುದು ಲೇಸು. ಹಳೆಯ ಮನೆಗಳನ್ನು ಕೆಡವಿದಾಗ ಕಬಾಡಿ ಅಂಗಡಿಗೆ ಬರುವ ಸಾಗುವಾನಿ ಚೌಕಟ್ಟುಗಳನ್ನು ಜಾಣರು ಹುಡುಕಿ ತರುವುದು ಇದಕ್ಕಾಗಿಯೇ. ಕ್ವೀನ್ ತಂಡದ ಬ್ರಯಾನ್ ಮೇ 1963ರಲ್ಲಿ, ಇನ್ನೂ ಶಾಲಾ ಹುಡುಗನಾಗಿದ್ದಾಗ, ತಂದೆ ಹೆರಾಲ್ಡ್ ಜೊತೆ ಮನೆಯಲ್ಲೇ ಕಟ್ಟಲು ಆರಂಭಿಸಿದ ‘ರೆಡ್ ಸ್ಪೆಷಲ್’ ಗಿಟಾರಿನ ದಂಡಿಯೂ ಹಳೆಯ ಮನೆಯೊಂದರ ಅಗ್ಗಿಷ್ಟಿಕೆಯ ಮೇಲಿದ್ದ ಮಹಾಗನಿ ತೊಲೆಯಿಂದ ಬಂದದ್ದು. ಅದರಲ್ಲಿದ್ದ ಹುಳು ಕೊರೆದ ತೂತುಗಳನ್ನು ಬೆಂಕಿಕಡ್ಡಿ ತುರುಕಿ ಮುಚ್ಚಲಾಗಿತ್ತು. ಹಳೆಯ ಮೋಟಾರ್‌ಸೈಕಲಿನ ವಾಲ್ವ್ ಸ್ಪ್ರಿಂಗುಗಳೂ ತಾಯಿಯ ಹೆಣಿಗೆಕಡ್ಡಿಯ ತುದಿಯೂ ಆ ವಾದ್ಯದಲ್ಲಿವೆಯೆಂಬ ಕತೆಯನ್ನು ಜನ ಬೆರಗಿನಿಂದ ಹೇಳುತ್ತಾರೆ. ಆದರೆ ಅದು ದಶಕಗಟ್ಟಲೆ ವೇದಿಕೆಯ ಮೇಲೆ ನಿಂತದ್ದಕ್ಕೆ ಕಾರಣ ಹುಡುಕುವವರು ಆ ತೊಲೆ ಎಷ್ಟು ಕಾಲ ಬೆಚ್ಚಗೆ ಒಣಗಿತ್ತೆಂಬುದನ್ನೂ ಗಮನಿಸಬೇಕು.

ದಂಡಿಯ ಮೇಲೆ ಅಂಟಿಸುವ ತೆಳುಪಟ್ಟಿಗೆ, ಅಂದರೆ ಬೆರಳುಗಳು ಒತ್ತುವ ಫಿಂಗರ್‌ಬೋರ್ಡಿಗೆ, ಗಟ್ಟಿಯಾದ ಮರ ಬೇಕು. ಜಗತ್ತಿನ ಗಿಟಾರು ಉದ್ಯಮ ಇದಕ್ಕೆ ನೆಚ್ಚಿಕೊಂಡದ್ದು ಪಶ್ಚಿಮಘಟ್ಟದ ಬೀಟೆಯನ್ನು. ಬ್ರೆಜಿಲಿನ ರೋಸ್‌ವುಡ್ ಮೊದಲು ದುರ್ಲಭವಾಗಿ, 1992ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದಿಂದಲೇ ಬಹುಮಟ್ಟಿಗೆ ಹೊರಬಿದ್ದ ಮೇಲೆ ಮಲೆನಾಡಿನ ಬೀಟೆಗೆ ಬೇಡಿಕೆ ಇನ್ನಷ್ಟು ಏರಿತು. ಅಮೆರಿಕದ ಅಧಿಕಾರಿಗಳು 2011ರ ಆಗಸ್ಟಿನಲ್ಲಿ ಗಿಬ್ಸನ್ ಕಂಪನಿಯ ಕಾರ್ಖಾನೆಗಳಲ್ಲಿ ವಶಪಡಿಸಿಕೊಂಡ ಸರಕಿನಲ್ಲಿ ಭಾರತದಿಂದ ಹೋದ ಬೀಟೆ, ಕರಿಮರದ ಪಟ್ಟಿಗಳೂ ಇದ್ದವು. ಅಂಥ ಪಟ್ಟಿಯನ್ನು ಕಚ್ಚಾ ಮರವೆನ್ನಬೇಕೋ ವಾದ್ಯದ ಸಿದ್ಧಭಾಗವೆನ್ನಬೇಕೋ ಎಂಬುದು ಭಾರತದ ರಫ್ತು ನಿಯಮಗಳ ವ್ಯಾಖ್ಯಾನಕ್ಕೆ ಬಂದು ನಿಂತಿತ್ತು. 2017ರ ಜನವರಿಯಲ್ಲಿ ಬೀಟೆ ಸೇರಿದಂತೆ ಇಡೀ ಡಾಲ್ಬರ್ಜಿಯಾ ಕುಲವೇ ಸೈಟಿಸ್ ಎಂಬ ವನ್ಯಜೀವಿ ವ್ಯಾಪಾರ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿತು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ನವೆಂಬರಿನಲ್ಲಿ. ಕೀರ್ತಿನಗರದಲ್ಲಿ ಮಂಚ, ಮೇಜುಗಳಿಗೆ ಬಳಸುವ ಶೀಶಂ ಸಹ ಇದೇ ಕುಲದ ಮರವಾಗಿದ್ದು, ಬೀಟೆಯನ್ನು ಹುಡುಕಿ ತರುವ ತಂಟೆ ಬೇಡವೆನ್ನುವ ಹವ್ಯಾಸಿಗೆ ಅದರ ನೇರ ಎಳೆಯ ತುಂಡು ಧಾರಾಳ ಸಾಕು.

ಫಿಂಗರ್‌ಬೋರ್ಡಿನ ಮೇಲೆ ಕೂರಿಸುವ ಲೋಹದ ಮೆಟ್ಟಿಲುಗಳೇ ಫ್ರೆಟ್‌ಗಳು. ಸಿತಾರಿನ ಮೆಟ್ಟಿಲನ್ನು ದಾರದಿಂದ ಕಟ್ಟಿರುವುದರಿಂದ ಸರಿಸಬಹುದು. ವೀಣೆಯ ಮೆಟ್ಟಿಲು ಮೇಣದಲ್ಲಿ ಕೂತಿರುವುದರಿಂದ ಮೇಣ ಕರಗಿಸಿ ಮತ್ತೆ ಮೇಳ ಕಟ್ಟಬಹುದು. ಗಿಟಾರಿನಲ್ಲಿ ಈ ಸೌಕರ್ಯವಿಲ್ಲ, ಮರದಲ್ಲಿ ಗರಗಸದಿಂದ ಸುಮಾರು 0.6 ಮಿಲಿಮೀಟರ್ ಅಗಲದ ಸೀಳು ಕೊಯ್ದು ಫ್ರೆಟ್ ಬಡಿದು ಕೂರಿಸಿದ ಮೇಲೆ ತಪ್ಪು ಶಾಶ್ವತ. ಆದ್ದರಿಂದ ಇಲ್ಲಿ ಕಿವಿಗಿಂತ ಮೊದಲು ಗಣಿತ. ತಂತಿಯ ಕಂಪಿಸುವ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ಟಿನ ದೂರ ಸಿಗುತ್ತದೆ, ಉಳಿದ ಉದ್ದವನ್ನು ಅದೇ ಸಂಖ್ಯೆಯಿಂದ ಭಾಗಿಸುತ್ತ ಹೋದರೆ ಮುಂದಿನವು ಸಿಗುತ್ತವೆ. ಫೆಂಡರ್ ಮಾದರಿಯ 648 ಮಿಲಿಮೀಟರ್ ಉದ್ದಕ್ಕೆ ಮೊದಲ ಮನೆ 36.4 ಮಿಲಿಮೀಟರ್ ಅಗಲವಿದ್ದರೆ ಇಪ್ಪತ್ತೆರಡನೆಯದು 10.8 ಮಾತ್ರ, ತಾರಸ್ಥಾಯಿಯ ಹನ್ನೆರಡನೆಯ ಫ್ರೆಟ್ ಸರಿಯಾಗಿ ನಡುವೆ, 324ರಲ್ಲಿ. ಗೆಲಿಲಿಯೋನ ತಂದೆ ವಿನ್ಚೆನ್ಜೋ ಗೆಲಿಲಿ 1581ರಲ್ಲಿ ಸೂಚಿಸಿದ 18 ಎಂಬ ಸರಳ ಭಾಜಕವನ್ನು ಬಳಸಿದರೆ ಹನ್ನೆರಡನೆಯದು 2.4 ಮಿಲಿಮೀಟರ್ ಹಿಂದುಳಿಯುತ್ತದೆ. ಅರ್ಧ ಮಿಲಿಮೀಟರಿನ ತಪ್ಪು ಮೊದಲ ಫ್ರೆಟ್ಟಿನಲ್ಲಿ ಸ್ವರವನ್ನು ಸುಮಾರು ಒಂದೂವರೆ ಸೆಂಟ್ ಕದಲಿಸಿದರೆ (ಸೆಂಟ್ ಎಂದರೆ ಅರ್ಧಸ್ವರದ ನೂರನೆಯ ಒಂದು ಪಾಲು), ಇಪ್ಪತ್ತೆರಡನೆಯದರಲ್ಲಿ ಹತ್ತಿರ ಹತ್ತಿರ ಐದು ಸೆಂಟ್ ಕದಲಿಸುತ್ತದೆ. ಒಂದು ಫ್ರೆಟ್ಟಿನಿಂದ ಮುಂದಿನದಕ್ಕೆ ಅಳೆಯದೆ ಪ್ರತಿಯೊಂದನ್ನೂ ದಂಡಿಯ ಮೇಲ್ತುದಿಯಿಂದಲೇ ಅಳೆಯಬೇಕೆಂಬ ನಿಯಮವಿರುವುದು ಸಣ್ಣ ತಪ್ಪುಗಳು ಕೂಡುತ್ತ ಹೋಗಬಾರದೆಂದು.

ಬಡಿದು ಕೂರಿಸಿದ ಫ್ರೆಟ್‌ಗಳ ನೆತ್ತಿ ಎಂದೂ ಒಂದೇ ಮಟ್ಟದಲ್ಲಿರುವುದಿಲ್ಲ. ಕಸುಬುದಾರರು ಪ್ರತಿ ನೆತ್ತಿಗೂ ಮಾರ್ಕರ್ ಪೆನ್ನಿನಿಂದ ಮಸಿ ಹಚ್ಚಿ, ನೇರವಾದ ಅಲ್ಯೂಮಿನಿಯಂ ಪಟ್ಟಿಗೆ ಮರಳುಕಾಗದ ಅಂಟಿಸಿ, ಉದ್ದಕ್ಕೂ ಹಗುರವಾಗಿ ಉಜ್ಜುತ್ತಾರೆ. ಎಲ್ಲಿ ಮಸಿ ಅಳಿಯಿತೋ ಅಲ್ಲಿ ಫ್ರೆಟ್ ಎತ್ತರ, ಎಲ್ಲಿ ಉಳಿಯಿತೋ ಅಲ್ಲಿ ತಗ್ಗು. ಎಲ್ಲ ನೆತ್ತಿಯ ಮಸಿಯೂ ಅಳಿದ ಮೇಲೆ ಚಪ್ಪಟೆಯಾದ ಅಂಚುಗಳನ್ನು ಅರದಿಂದ ಮತ್ತೆ ದುಂಡಗೆ ಮಾಡುತ್ತಾರೆ. ಸಿತಾರಿನ ಜವಾರಿಯಲ್ಲಾಗಲಿ ತಂಬೂರಿಯ ಜೀವಾಳದಲ್ಲಾಗಲಿ ತಂತಿ ಕುದುರೆಯನ್ನು ಸವರಿ ಹೊಮ್ಮಿಸುವ ಝೇಂಕಾರವೇ ವಾದ್ಯದ ಪ್ರಾಣ. ಗಿಟಾರಿನಲ್ಲಿ ತಂತಿ ಫ್ರೆಟ್ಟಿಗೆ ತಗುಲಿ ಝೇಂಕರಿಸಿದರೆ ಅದು ದೋಷ, ಹೆಚ್ಚಿನ ಸಲ ಆ ದೋಷದ ಮೂಲ ಈ ನೆತ್ತಿಗಳಲ್ಲೇ ಇರುತ್ತದೆ.

ಪಿಕಪ್ ಕೊಂಡು ತರಬಹುದಾದರೂ ಸ್ವತಃ ಸುತ್ತುವವರು ಕಡಿಮೆಯಿಲ್ಲ. ಇದಕ್ಕೆ ಬೇಕಾದ ಮಿನುಗುಲೇಪದ ತಾಮ್ರದ ಎಳೆಯ ದಪ್ಪ 0.063 ಮಿಲಿಮೀಟರ್, ಮೋಟಾರ್ ರಿವೈಂಡಿಂಗ್ ಅಂಗಡಿಯ ಎಳೆಗಿಂತ ಎಷ್ಟೋ ಸಪೂರ. ಸುತ್ತು ಸುಮಾರು ಎಂಟು ಸಾವಿರ. ಹೊಲಿಗೆಯಂತ್ರದ ಮೋಟಾರಿಗೆ ಬಾಬಿನ್ ಸಿಕ್ಕಿಸಿ, ಗಾಲಿಗೆ ಚಿಕ್ಕ ಅಯಸ್ಕಾಂತ ಅಂಟಿಸಿ, ಪಕ್ಕದಲ್ಲಿಟ್ಟ ರೀಡ್ ಸ್ವಿಚ್ಚನ್ನು ಅಗ್ಗದ ಕ್ಯಾಲ್ಕುಲೇಟರಿನ ‘ಸಮ’ ಗುಂಡಿಗೆ ಜೋಡಿಸಿದರೆ ಒಂದಕ್ಕೊಂದು ಕೂಡುತ್ತ ಯಂತ್ರವೇ ಸುತ್ತುಗಳನ್ನು ಎಣಿಸುತ್ತದೆ. ಸುತ್ತಿ ಮುಗಿದ ಸುರುಳಿ ಕಂಪಿಸಿ ಕಿರುಚದಂತೆ ಅದನ್ನು 65 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಮೇಣದಲ್ಲಿ ಅದ್ದಿ ಗುಳ್ಳೆಗಳು ನಿಲ್ಲುವವರೆಗೆ ಬಿಡುತ್ತಾರೆ. ಒಂಟಿ ಸುರುಳಿಯ ಪಿಕಪ್ ಸುತ್ತಲಿನ ವಿದ್ಯುತ್ ತಂತಿಗಳ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಇನ್ವರ್ಟರ್, ಎಲ್‌ಇಡಿ ದೀಪ, ಫ್ಯಾನ್ ರೆಗ್ಯುಲೇಟರುಗಳಿಂದ ತುಂಬಿದ ಅಪಾರ್ಟ್‌ಮೆಂಟಿನಲ್ಲಂತೂ ಇದು ತಪ್ಪಿದ್ದಲ್ಲ. ಭಾರತದ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆದ್ದರಿಂದ ಅದರ ಇಮ್ಮಡಿಯಾದ 100 ಹರ್ಟ್ಸ್, ಗಿಟಾರಿನ ಅತಿ ಮಂದ್ರ ತಂತಿಯ ಮೂರನೆಯ ಫ್ರೆಟ್ಟಿನ ಸ್ವರಕ್ಕೆ ತೀರ ಸಮೀಪ ಬಂದು ಕುಳಿತು, ಶ್ರುತಿಗೆ ತುಸು ಹೊರಗಿನ ತಂಬೂರಿಯನ್ನು ಹಿಂದೆ ಮೀಟಿದಂತಾಗುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ವಿರುದ್ಧ ದಿಕ್ಕಿನ ಎರಡು ಸುರುಳಿಗಳನ್ನು ಜೋಡಿಸಿ ಈ ಗದ್ದಲ ತನ್ನಿಂದ ತಾನೇ ರದ್ದಾಗುವಂತೆ ಮಾಡಿದರು. ಒಂಟಿ ಸುರುಳಿಯ ನಾದವೇ ಬೇಕೆನ್ನುವವರು ಒಡಲಿನ ಪೊಳ್ಳಿಗೆ ತಾಮ್ರದ ಹಾಳೆ ಹೊದಿಸಿ ಭೂಸಂಪರ್ಕ ಕೊಡುವುದರ ಜೊತೆಗೆ, ಮನೆಯ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥಿಂಗ್ ನಿಜವಾಗಿಯೂ ಇದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ತಂತಿ ಮುಟ್ಟುವ ಕೈಗೆ ಸಂಬಂಧಿಸಿದ ಮಾತಾದ್ದರಿಂದ ಇಲ್ಲಿ ಅಸಡ್ಡೆ ಸಲ್ಲದು.

ತಂತಿ ಏರಿಸಿದ ಕೂಡಲೇ ದಂಡಿಯ ಮೇಲೆ ಬೀಳುವ ಎಳೆತ ಸಣ್ಣದಲ್ಲ. ಸಾಮಾನ್ಯ ದಪ್ಪದ ಆರು ತಂತಿಗಳು ಸೇರಿ ಸುಮಾರು 47 ಕಿಲೋ ಭಾರದಷ್ಟು ಎಳೆಯುತ್ತವೆ. ಅದಕ್ಕೆ ಎದುರಾಗಿ ದಂಡಿಯೊಳಗೆ ಹುದುಗಿಸಿದ ಉಕ್ಕಿನ ಸರಳಿಗೆ ಟ್ರಸ್ ರಾಡ್ ಎಂದು ಹೆಸರು. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಇದಕ್ಕೆ ಪೇಟೆಂಟ್ ಪಡೆದದ್ದು 1923ರಲ್ಲಿ. ಕಂಪಿಸುವ ತಂತಿ ನಡುವೆ ಹೆಚ್ಚು ತೂಗುವುದರಿಂದ ದಂಡಿ ಪೂರ್ತಿ ನೆಟ್ಟಗಿರದೆ ಕೂದಲೆಳೆಯಷ್ಟು ಮುಂದಕ್ಕೆ ಬಾಗಿರಬೇಕು. ಮೊದಲ ಮತ್ತು ಕೊನೆಯ ಫ್ರೆಟ್‌ಗಳಲ್ಲಿ ತಂತಿ ಒತ್ತಿಹಿಡಿದು ಎಂಟನೆಯದರ ಬಳಿ 0.25 ಮಿಲಿಮೀಟರಿನ ಫೀಲರ್ ಪಟ್ಟಿ ನುಸುಳುವಷ್ಟು ಸಂದು ಇದ್ದರೆ ಸರಿ. ಹೆಚ್ಚಿದ್ದರೆ ಸರಳನ್ನು ಆಲನ್ ಕೀಲಿಯಿಂದ ಕಾಲು ಸುತ್ತು ಬಿಗಿದು, ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಬೇಕು. ತಂತಿ ಎತ್ತರವಾಗಿದೆಯೆಂದು ಟ್ರಸ್ ರಾಡ್ ತಿರುಚುವುದು ಹವ್ಯಾಸಿಗಳಲ್ಲಿ ಬೇರುಬಿಟ್ಟ ಕೆಟ್ಟ ಅಭ್ಯಾಸ. ಎತ್ತರವನ್ನು ಸರಿಪಡಿಸಬೇಕಾದದ್ದು ಕುದುರೆಯಲ್ಲಿ. ಅಲ್ಲಿ ಒಂದು ಮಿಲಿಮೀಟರ್ ಇಳಿಸಿದರೆ ಹನ್ನೆರಡನೆಯ ಫ್ರೆಟ್ಟಿನಲ್ಲಿ ಅರ್ಧ ಇಳಿಯುತ್ತದೆ, ತೆಳು ತಂತಿಗೆ 1.6, ದಪ್ಪ ತಂತಿಗೆ 2 ಮಿಲಿಮೀಟರ್ ಎತ್ತರ ಹೆಚ್ಚಿನವರ ಕೈಗೆ ಒಪ್ಪುತ್ತದೆ.

ಕೊನೆಗೆ ಉಳಿಯುವುದು ಇಂಟೊನೇಷನ್, ಎಂದರೆ ದಂಡಿಯುದ್ದಕ್ಕೂ ಶ್ರುತಿ ಒಂದೇ ಸಮ ನಿಲ್ಲುವಂತೆ ಮಾಡುವುದು. ತಂತಿಯನ್ನು ಫ್ರೆಟ್ಟಿಗೆ ಒತ್ತಿದಾಗ ಅದು ತುಸು ಹಿಗ್ಗಿ ಸ್ವರ ಏರುತ್ತದೆ, ದಪ್ಪ ತಂತಿಯಲ್ಲಿ ಇನ್ನೂ ಹೆಚ್ಚು. ಹನ್ನೆರಡನೆಯ ಫ್ರೆಟ್ಟಿನ ಮೇಲೆ ಬೆರಳನ್ನು ಸೋಕಿಸಿ ಮೀಟಿದಾಗ ಬರುವ ಅನುಸ್ವರಕ್ಕಿಂತ ಅಲ್ಲೇ ಒತ್ತಿ ಮೀಟಿದ ಸ್ವರ ಏರಿದ್ದರೆ ಆ ತಂತಿಯ ಕುದುರೆಯನ್ನು ಹಿಂದಕ್ಕೂ ಇಳಿದಿದ್ದರೆ ಮುಂದಕ್ಕೂ ಸರಿಸಬೇಕು. ಗಿಟಾರಿನ ಕುದುರೆಯಲ್ಲಿ ತಂತಿಗೊಂದರಂತೆ ಆರು ಸ್ಯಾಡಲ್‌ಗಳು ಓರೆಸಾಲಿನಲ್ಲಿ ನಿಂತಿರುವುದರ ಗುಟ್ಟು ಇದೇ. ಬಾಗು, ಎತ್ತರಗಳು ಇತ್ಯರ್ಥವಾಗುವ ಮುನ್ನ ಇದಕ್ಕೆ ಕೈಹಾಕಿದರೆ ಶ್ರಮ ವ್ಯರ್ಥ, ಏಕೆಂದರೆ ಅವು ಕದಲಿದಾಗಲೆಲ್ಲ ಇದೂ ಕದಲುತ್ತದೆ.

ದೆಹಲಿಯ ಹವೆ ಕೈಯಾಡಿಸುವುದು ಈ ಹಂತದಲ್ಲಿ. ಮರ ಎಳೆಯ ಉದ್ದಕ್ಕೆ ಹೆಚ್ಚೇನೂ ಬದಲಾಗದಿದ್ದರೂ ಅಡ್ಡಕ್ಕೆ ತೇವ ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ವಾದ್ಯಗಳಿಗೆ ಹಿತವೆನ್ನುವ ಗಾಳಿಯ ಆರ್ದ್ರತೆ ಶೇ 45ರಿಂದ 55. ಇಲ್ಲಿ ಮೇ ಮಧ್ಯಾಹ್ನಗಳಲ್ಲಿ ಅದು ಎಷ್ಟೋ ದಿನ 30ಕ್ಕಿಂತ ಕೆಳಗಿಳಿದು, ಮಳೆಗಾಲದಲ್ಲಿ 70 ದಾಟುತ್ತದೆ, ಜನವರಿಯ ಮಂಜಿನ ಬೆಳಗಿನಲ್ಲಿ ನೂರರ ಹತ್ತಿರ ಹೋಗುತ್ತದೆ. ಇದರ ಮೇಲೆ ನೀರಿನ ಕೂಲರ್ ಕೋಣೆಗೆ ತೇವ ತುಂಬುತ್ತದೆ, ಎ.ಸಿ. ಅದನ್ನು ಹೀರುತ್ತದೆ. ಎರಡನ್ನೂ ಬಳಸುವ ಮನೆಯಲ್ಲಿ ಗಿಟಾರಿಗೆ ಒಂದೇ ದಿನದಲ್ಲಿ ಎರಡು ಋತು. ದಂಡಿ ಯಾವ ಕಡೆಗೆ ಬಾಗುತ್ತದೆಂಬುದು ಅದರ ಎಳೆಯ ದಿಕ್ಕನ್ನೂ ಲೇಪವನ್ನೂ ಅವಲಂಬಿಸಿರುವುದರಿಂದ ಪ್ರತಿ ವಾದ್ಯದ ನಡತೆಯನ್ನು ಅಳೆದೇ ತಿಳಿಯಬೇಕು. ಬೇಸಿಗೆಯ ಇನ್ನೊಂದು ಉಪದ್ರವ ಮಾತ್ರ ಎಲ್ಲ ದಂಡಿಗಳಿಗೂ ಸಮಾನ: ಫಿಂಗರ್‌ಬೋರ್ಡಿನ ಅಗಲ ಕುಗ್ಗಿದರೂ ಲೋಹ ಕುಗ್ಗದ ಕಾರಣ ಫ್ರೆಟ್‌ಗಳ ತುದಿ ಅಂಚಿನಾಚೆ ಚಾಚಿ ಅಂಗೈಯನ್ನು ಗೀರುತ್ತದೆ. ಮಳೆಗಾಲದಲ್ಲಿ ಕಟ್ಟಿದ ಗಿಟಾರಿನಲ್ಲಿ ಇದು ಮುಂದಿನ ಬೇಸಿಗೆಗೆ ಎದ್ದು ಕಾಣುವುದರಿಂದ, ತುದಿಗಳನ್ನು ಅರದಿಂದ ಅಂತಿಮವಾಗಿ ಸವರುವ ಕೆಲಸವನ್ನು ಮೇ ತಿಂಗಳಿಗೇ ಇಟ್ಟುಕೊಳ್ಳುವುದು ವಿವೇಕ. ಒಡಲಿನ ಬಣ್ಣವನ್ನೂ ಬೇಕಾದರೆ ಅಲ್ಲಿಯವರೆಗೆ ತಡೆಯಬಹುದು, ಕುದುರೆಯ ತೂತು ಬದಲಿಸಬೇಕಾಗಿ ಬಂದರೆ ಅದೇ ಅನುಕೂಲ. ದಂಡಿಗೆ ಮಾತ್ರ ಮೊದಲ ವಾರದಲ್ಲೇ ಎಣ್ಣೆಯನ್ನೋ ಲ್ಯಾಕರನ್ನೋ ಹಚ್ಚಿ ಮುಗಿಸಬೇಕು.